ರಾಣಿಯ ಕೂದಲು

"ನಿಧಾನ, ನಿಧಾನ, ಓರೆ ಮಾಡ್ಬೇಡಿ," ಎಂದು ಅವಳು ಹೇಳಿ ಮುಗಿಸುವಷ್ಟರಲ್ಲಿ ಬೀರು ವಾಲಿಯೇಬಿಟ್ಟಿತು. ಹೆಣ ಮಲಗಿಸಲು ನಡುಮನೆಯಲ್ಲಿ ಜಾಗ ಮಾಡುತ್ತಿದ್ದವರ ಕೈಮೀರಿ, ಎರಡು ಬೆರಳೆತ್ತರದ ಡ್ರಾಯರುಗಳು ಒಂದರ ಹಿಂದೊಂದು ಜಾರಿ ಬಿದ್ದವು. ತಾಮ್ರದ ಕಾಸುಗಳು ನೆಲದ ತುಂಬ ಉರುಳಿದವು. ಕೆಲವು ಕುರ್ಚಿಗಳ ಕೆಳಗೆ, ಕೆಲವು ಬಂದವರ ಚಪ್ಪಲಿಗಳ ನಡುವೆ.

ಅವಳ ಗಂಡ ಆಯುಷ್ಯವೆಲ್ಲ ಕೂಡಿಟ್ಟ ಹಳೆಯ ನಾಣ್ಯಗಳು ಅವು. ಒಳಕೋಣೆಯಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದವನಿಗೆ ಆ ಸದ್ದು ಕೇಳಲಿಲ್ಲ.

"ಬಿಡಿ ಚಿಕ್ಕಮ್ಮ, ನಾನು ಆರಿಸ್ತೀನಿ," ಎಂದು ಭಾವನ ಮಗಳು ಬೇಸಿನ್ ತಂದು ಮಂಡಿಯೂರಿದಳು. "ನೀವು ಚಿಕ್ಕಪ್ಪನ ಹತ್ರ ಕೂತ್ಕೊಳ್ಳಿ."

"ಹುಷಾರಮ್ಮ," ಎಂದ ಭಾವ. "ಅದರಲ್ಲಿ ರಾಣಿ ಕಾಸು ಒಂದಿದೆ. ಅದೊಂದು ಮಾರಿದ್ರೆ ನನ್ನ ಹೆಂಡ್ತಿ ಯಾರ ಮುಂದೂ ಕೈಚಾಚಬೇಕಿಲ್ಲ ಅಂತ ತಮ್ಮ ಹೇಳ್ತಾನೇ ಇದ್ದ."

"ಅದು ಅಲ್ಲಿಲ್ಲ," ಎಂದಳು ಅವಳು. ಬೆಳಗ್ಗೆ ಗಂಡನ ಬೆರಳುಗಳನ್ನು ಬಿಡಿಸಿ ತೆಗೆದ ಆ ಕಾಸು ಅವಳ ಮುಷ್ಟಿಯಲ್ಲೇ ಇತ್ತು.

*

ಗಂಡ ಗುಜರಿ ಅಂಗಡಿಯಲ್ಲಿ ತೂಕ ಹಾಕುವವನು. ಕರಗಿಸಲು ಬಂದ ತಾಮ್ರದ ರಾಶಿಯಲ್ಲಿ ಹಳೆಯ ಕಾಸು ಕಣ್ಣಿಗೆ ಬಿದ್ದರೆ, ಮಾಲೀಕನನ್ನು ಕೇಳಿ ಪಡೆದು ಮನೆಗೆ ತರುತ್ತಿದ್ದ. "ಇನ್ನೇನು ಬೆಂಕಿಗೆ ಹೋಗ್ತಿತ್ತು ಕಣೇ," ಎನ್ನುತ್ತಿದ್ದ, ತಪ್ಪಿಸಿಕೊಂಡ ಮಗುವನ್ನು ಎತ್ತಿ ತಂದವನಂತೆ. ದೀಪದಡಿ ಅದರ ಅಂಚನ್ನಷ್ಟೇ ಹಿಡಿದು ತಿರುಗಿಸುತ್ತಿದ್ದ. ಮುಖವನ್ನು ಯಾರೂ ಮುಟ್ಟುವಂತಿರಲಿಲ್ಲ. ರಾಣಿ ಕಾಸು ಸಿಕ್ಕ ದಿನ ಹೆಂಡತಿಯನ್ನು ಕರೆದು ತೋರಿಸಿದ್ದ.

"ಮೊದಲು ಸವೆಯೋದು ಎತ್ತರದ ಜಾಗ. ರಾಣಿ ಕಿವಿ ಮೇಲಿನ ಕೂದಲು ನೋಡು, ಎಳೆಎಳೆಯಾಗಿದೆ. ಹೆಚ್ಚು ಕೈ ಬದಲಾಗಿಲ್ಲ ಇದು. ಲಕ್ಷಕ್ಕೊಂದು!"

ಆಮೇಲೆ ಸಕ್ಕರೆ ಕಾಯಿಲೆ ಕಣ್ಣಿಗಿಳಿಯಿತು. ಮೊದಲು ಕಾಸಿನ ಇಸವಿ ಹೋಯಿತು, ನಂತರ ಅಕ್ಷರ, ಕೊನೆಗೆ ಹೆಂಡತಿಯ ಮುಖ. ಒಂದು ಮಧ್ಯಾಹ್ನ ಅವನು ರಾಣಿ ಕಾಸನ್ನು ಕೇಳಿ ತರಿಸಿಕೊಂಡು, ರಾಣಿಯ ಕೆನ್ನೆಯ ಮೇಲೆ ಹೆಬ್ಬೆರಳಿಟ್ಟ. "ಕಾಣ್ತಿದ್ದಾಳೆ ಕಣೇ!" ಎಂದು ನಕ್ಕ. ತಿಂಗಳುಗಟ್ಟಲೆ ನಗದವನು ನಕ್ಕಿದ್ದ.

ಅಂದಿನಿಂದ ಹೆಬ್ಬೆರಳು ನಿಲ್ಲಲಿಲ್ಲ. ಊಟ ಮಾಡುವಾಗ ಎಡಗೈಯಲ್ಲಿ, ರೇಡಿಯೋ ಕೇಳುವಾಗ ಬಲಗೈಯಲ್ಲಿ, ವರ್ಷಗಟ್ಟಲೆ. ಕೂದಲಿನ ಎಳೆಗಳು ಒಂದಾದವು. ಕಿವಿ ಮಾಯವಾಯಿತು. ಒಮ್ಮೆ ಅವಳು ಉಪಾಯ ಮಾಡಿ ಬೇರೊಂದು ಕಾಸನ್ನು ಕೈಗಿಟ್ಟಳು. ಅವನು ಬೈಯಲಿಲ್ಲ. "ಇದಲ್ಲ," ಎಂದು ಸುಮ್ಮನೆ ಅಂಗೈ ಚಾಚಿಕೊಂಡು ಕೂತ, ಅವಳು ಅದನ್ನು ತಂದುಕೊಡುವವರೆಗೂ.

"ಕೂದಲು ಎದ್ದು ಕಾಣ್ತಿದ್ಯೇನೇ?"

"ಎಳೆಎಳೆ ಕಾಣ್ತಿದೆ," ಎನ್ನುತ್ತಿದ್ದಳು. ಬೇರೇನು ಹೇಳಿಯಾಳು?

*

ಹೆಣ ಒಯ್ಯುವ ವ್ಯಾನು ಬರುವ ಮೊದಲು ಭೂತಗನ್ನಡಿ ಬಂದ. ಕೊರಳಲ್ಲಿ ಸದಾ ಮಸೂರ ತೂಗುವ ನಾಣ್ಯದ ವ್ಯಾಪಾರಿಗೆ ಗಂಡನೇ ಇಟ್ಟ ಹೆಸರು ಅದು. ಹೆಣದ ಪಾದದ ಬಳಿ ಬಹಳ ಹೊತ್ತು ನಿಂತು, ಮೂಗೊರೆಸಿಕೊಂಡ. ಅವನು ಈ ಮನೆಗೆ ಬಂದು ಎಷ್ಟೋ ಕಾಲವಾಗಿತ್ತು.

"ತಪ್ಪು ತಿಳೀಬೇಡಿ ಸಾರ್, ಹೊತ್ತಲ್ಲದ ಹೊತ್ತು," ಎಂದ ಭಾವ. "ಇವಳ ಮುಂದಿನ ದಾರಿ ನೋಡ್ಬೇಕಲ್ಲ. ರಾಣಿ ಕಾಸಿಗೆ ಏನು ಬರುತ್ತೆ?"

ಅವಳು ಮುಷ್ಟಿ ಬಿಚ್ಚಿದಳು. ಭೂತಗನ್ನಡಿ ಮಸೂರ ಎತ್ತಿ ಕಣ್ಣಿಗಿಟ್ಟುಕೊಂಡ, ಇಳಿಸಿದ.

"ಅಕ್ಕಾ, ಇದು ಅದೇನಾ?"

"ಅದೇ. ಕಣ್ಣು ಹೋದ್ಮೇಲೆ ಬೆರಳಲ್ಲೇ ನೋಡ್ತಿದ್ರು."

"ಈಗ ಇದಕ್ಕೆ ಬರೀ ತಾಮ್ರದ ಬೆಲೆ," ಎಂದ ಅವನು ಮೆಲ್ಲಗೆ.

ಭಾವ ತಲೆಯ ಮೇಲೆ ಕೈ ಹೊತ್ತು ಕೂತ. "ನೋಡ್ಕೊಂಡು ಸುಮ್ನಿದ್ಯಾ ನೀನು? ಕಿತ್ತಿಡೋಕೆ ಆಗ್ಲಿಲ್ವಾ?"

"ಕಿತ್ಕೋಬಹುದಿತ್ತು ಭಾವ. ಕಿತ್ಕೊಂಡು ಆ ಕೈಗೆ ಏನು ಕೊಡ್ಲಿ?"

ಹೊರಗೆ ವ್ಯಾನು ಹಾರ್ನ್ ಮಾಡಿತು. ಜನ ಏಳುವ ಗಡಿಬಿಡಿಯಲ್ಲಿ ಭೂತಗನ್ನಡಿ ಅವಳ ಪಕ್ಕಕ್ಕೆ ಬಂದ.

"ಧೈರ್ಯಗೆಡಬೇಡಿ ಅಕ್ಕ. ರಾಣಿ ಹೋದ್ಳು ನಿಜ. ಆದ್ರೆ ಉಳಿದವು ಇದಾವಲ್ಲ, ಅವನ್ನ ಅವರು ಮುಟ್ಟಿರಲಿಲ್ಲ. ಎಲ್ಲ ಸೇರಿದ್ರೆ ನಿಮ್ಮ ಜೀವನಕ್ಕೆ ತೊಂದ್ರೆ ಆಗಲ್ಲ. ಮಣ್ಣು ಮುಗಿಸಿಕೊಂಡು ಬಂದು ನೋಡ್ತೀನಿ. ಅಲ್ಲೀತನಕ ಒರೆಸ್ಬೇಡಿ, ತೊಳೀಬೇಡಿ. ಮೇಲಿನ ಆ ಕಪ್ಪು ಹೋದ್ರೆ ಬೆಲೆನೂ ಹೋಯ್ತು."

ಅವಳು ತಲೆಯಾಡಿಸಿದಳು. ಗಂಡನನ್ನು ಎತ್ತುತ್ತಿದ್ದರು, ಬೇರೇನನ್ನೂ ಯೋಚಿಸುವ ಹೊತ್ತು ಅದಾಗಿರಲಿಲ್ಲ.

*

ಸ್ಮಶಾನದಿಂದ ಮರಳಿದಾಗ ಮನೆ ಗುಡಿಸಿ ಒರೆಸಿ ಒಪ್ಪವಾಗಿತ್ತು. ಮನೆ ನೋಡಿಕೊಳ್ಳಲು ಉಳಿದಿದ್ದ ಭಾವನ ಮಗಳು ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಅತ್ತೂ ಅತ್ತೂ ಮುಖ ಊದಿತ್ತು.

"ಸುಮ್ನೆ ಕೂತ್ರೆ ಅಳು ತಡೆಯೋಕೆ ಆಗ್ತಿರಲಿಲ್ಲ ಚಿಕ್ಕಮ್ಮ. ಏನಾದ್ರೂ ಮಾಡೋಣ ಅನ್ನಿಸ್ತು. ಚಿಕ್ಕಪ್ಪನ ಕಾಸು ಎಷ್ಟು ಕಿಲುಬು ಹಿಡಿದಿತ್ತು ಗೊತ್ತಾ? ಒಂದೂ ಬಿಡದೆ ತಿಕ್ಕಿದ್ದೀನಿ. ಅವರಿದ್ದಿದ್ರೆ ಎಷ್ಟು ಖುಷಿಪಡ್ತಿದ್ರು!"

ಹುಡುಗಿ ಚಾಚಿದ ಬೆರಳ ತುದಿಗಳು ಸುಲಿದು ಕೆಂಪಾಗಿದ್ದವು. ಹಿಂದೆ ನಿಂತಿದ್ದ ಭೂತಗನ್ನಡಿ ಮುಖ ತಿರುಗಿಸಿಕೊಂಡು ಬೀದಿಯತ್ತ ನೋಡಿದ.

ಹಿತ್ತಲ ಕಲ್ಲಿನ ಮೇಲೆ ಹಾಸಿದ ಟವೆಲಿನ ತುಂಬ ಕಾಸುಗಳು ಎಳೆಗೆಂಪಾಗಿ, ಆಗ ತಾನೆ ಹುಟ್ಟಿದವುಗಳಂತೆ ಹೊಳೆಯುತ್ತಿದ್ದವು. ಒಂದು ಬದಿಗೆ ಗೋಡೆಯ ನೆರಳು ಬರತೊಡಗಿತ್ತು. ಅವಳು ಹೋಗಿ ಕುಕ್ಕರುಗಾಲಲ್ಲಿ ಕೂತಳು. ಹುಡುಗಿಯ ಕಡೆ ನೋಡಿ ಏನೋ ಹೇಳಲು ಬಾಯಿ ತೆರೆದವಳು, ಟವೆಲಿನ ಅಂಚು ಹಿಡಿದು, ಒಂದೂ ಉರುಳದ ಹಾಗೆ, ಅದನ್ನು ಮೆಲ್ಲಗೆ ಬಿಸಿಲಿಗೆ ಎಳೆದಳು.