ಕಂಡದ್ದು ಮಾತ್ರ

"ಈ ಮನುಷ್ಯ ಇನ್ನೂ ಬಾಟಲಿ ಒಡೆದಿಲ್ವಾ?" ಎಂದು ರೆಗೀನೆ ಕೇಳಿದಳು.

"ಇಲ್ಲ," ಎಂದಳು ಫ್ರೌಕೆ. "ಒಡೆಯೋ ಹಾಗೂ ಕಾಣ್ತಿಲ್ಲ."

"ಪಟಾಕಿ?"

"ಪಟಾಕೀನೂ ಇಲ್ಲ."

"ಹಾಗಾದ್ರೆ ಇದೆಂಥ ಸೈನಿಕನ ಸಿನಿಮಾ ಮಾರಾಯ್ತಿ," ಎಂದು ರೆಗೀನೆ ಕುರ್ಚಿಗೆ ಒರಗಿ ಕಾಫಿ ಲೋಟಕ್ಕೆ ಕೈ ಚಾಚಿದಳು. ಲೋಟ ಎಲ್ಲಿರಬೇಕೋ ಅಲ್ಲೇ ಇತ್ತು. ಅದನ್ನು ಒಂದು ಬೆರಳಿನಷ್ಟು ಆಚೀಚೆ ಮಾಡಿದರೂ ಏನಾಗುತ್ತದೆಂದು ಫ್ರೌಕೆಗೆ ಗೊತ್ತು.

ಜರ್ಮನಿಯ ಲೈಪ್ಜಿಗ್ ಊರಿನ ಒಂದು ಹಳೆಯ ಗಿರಣಿಯ ಮೇಲಂತಸ್ತಿನಲ್ಲಿ ಕೂತು ಇವರಿಬ್ಬರು ಕುರುಡರಿಗಾಗಿ ಸಿನಿಮಾಗಳಿಗೆ ವಿವರಣೆ ಬರೆಯುತ್ತಾರೆ. ಪಾತ್ರಗಳು ಮಾತಾಡದೆ ಇರುವ ಸಂದಿಗಳಲ್ಲಿ ಒಂದು ಧ್ವನಿ ಬಂದು, ಪರದೆಯ ಮೇಲೆ ಏನು ನಡೆಯುತ್ತಿದೆ ಎಂದು ಹೇಳಬೇಕು. ಫ್ರೌಕೆ ನೋಡಿ ಹೇಳುವವಳು. ರೆಗೀನೆ ಹುಟ್ಟುಕುರುಡಿ, ಯಾವುದು ಸದ್ದಿನಿಂದಲೇ ತಿಳಿಯುತ್ತದೆ, ಯಾವುದನ್ನು ಬಾಯಿಬಿಟ್ಟು ಹೇಳಬೇಕು ಎಂದು ತೀರ್ಮಾನಿಸುವವಳು ಅವಳು. ಈ ಕೆಲಸಕ್ಕೆ ಇರುವುದು ಒಂದೇ ಕಟ್ಟಳೆ, ಕಂಡದ್ದು ಮಾತ್ರ. 'ಅವನಿಗೆ ದುಃಖವಾಯಿತು' ಎನ್ನುವ ಹಾಗಿಲ್ಲ. 'ಅವನು ತಲೆ ತಗ್ಗಿಸಿದ' ಎನ್ನಬೇಕು. ದುಃಖವನ್ನು ಕೇಳುವವರು ತಾವೇ ಹುಡುಕಿಕೊಳ್ಳುತ್ತಾರೆ.

ಯುದ್ಧದಿಂದ ಮರಳಿದ ಸೈನಿಕರ ಸಿನಿಮಾಗಳು ರೆಗೀನೆಗೆ ಹೊಸತಲ್ಲ. ಇಂಥವನ್ನು ಬೇಕಾದಷ್ಟು ಬರೆದು ಬಿಸಾಕಿದ್ದಳು. ಎಲ್ಲದರಲ್ಲೂ ಅದೇ ಸದ್ದುಗಳು. ನಿದ್ದೆಯಲ್ಲಿ ಕಿರುಚಾಟ, ಗೋಡೆಗೆ ಅಪ್ಪಳಿಸುವ ಬಾಟಲಿ, ಹೊಸ ವರ್ಷದ ಪಟಾಕಿಗೆ ಬೆದರಿ ಮೇಜಿನ ಕೆಳಗೆ ನುಗ್ಗುವ ಗಂಡಸು, ಬಾಗಿಲನ್ನು ದಡಾರನೆ ಎಳೆದುಕೊಂಡು ಹೋಗುವ ಹೆಂಡತಿ. ಯುದ್ಧ ಮನಸ್ಸಿಗೆ ಹಚ್ಚುವ ಆ ಕಾಯಿಲೆ ಹೇಗೆ ಕೇಳಿಸುತ್ತದೆ ಎಂಬುದು ಅವಳಿಗೆ ಬಾಯಿಪಾಠವಾಗಿತ್ತು. ಹಾಗಾಗಿ ಮಗ ರೋನಿ ಅಫ್ಘಾನಿಸ್ತಾನದಿಂದ ಮರಳಿ ಬಂದಾಗ ಅವಳು ಮೈಯೆಲ್ಲ ಕಿವಿಯಾಗಿ ಕಾದಳು. ಅವನು ಕಿರುಚಲಿಲ್ಲ, ಏನನ್ನೂ ಒಡೆಯಲಿಲ್ಲ. ಸೈನ್ಯ ಬಿಟ್ಟು ಬಾಯ್ಲರ್ ರಿಪೇರಿಯ ಕೆಲಸ ಹಿಡಿದ. ಭಾನುವಾರ ಊಟಕ್ಕೆ ಬಂದು, ರಿಪೇರಿಗೆ ಹೋದ ಮನೆಗಳ ಕಥೆ ಹೇಳಿ ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಿದ್ದ. ನನ್ನ ಮಗ ಪಾರಾದ ಎಂದು ರೆಗೀನೆ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದಳು.

ಸೊಸೆ ಮ್ಯಾಂಡಿ ಮಾತ್ರ ಕಳೆದ ಚಳಿಗಾಲದಲ್ಲಿ ಅವನನ್ನು ಬಿಟ್ಟು ಹೋದಳು. ಹೋಗುವ ಮುನ್ನ ಬಂದು, "ಅತ್ತೆ, ನಿಮಗೆ ಅವನು ಕಾಣ್ತಾ ಇಲ್ಲ," ಅಂದಳು. ಕುರುಡಿಗೆ ಆಡುವ ಮಾತೇ ಇದು? ಅಂದಿನಿಂದ ಸೊಸೆಯ ಹೆಸರೆತ್ತಿದರೆ ರೆಗೀನೆ ಉರಿದು ಬೀಳುತ್ತಿದ್ದಳು.

ಫ್ರೌಕೆ ಸಿನಿಮಾವನ್ನು ಮತ್ತೆ ಓಡಿಸಿದಳು. ಆರ್ನೋ ಎಂಬ ಆ ಮಾಜಿ ಸೈನಿಕ ಫೋನಿನಲ್ಲಿ ತಾಯಿಯೊಂದಿಗೆ ಮಾತಾಡುತ್ತಿದ್ದ. ಪಕ್ಕದ ಮನೆಯ ಬೆಕ್ಕು ಮೀನು ಕದ್ದದ್ದನ್ನು ವಿವರಿಸಿ ನಕ್ಕ. ಆಚೆ ಕಡೆಯಿಂದ ತಾಯಿಯೂ ನಕ್ಕಳು. ರೆಗೀನೆಗೂ ನಗು ಬಂತು.

"ಇಲ್ಲಿ ನಾವೇನೂ ಹೇಳೋದು ಬೇಡ. ಅವರ ಮಾತೇ ಸಾಕು. ಮುಂದೆ ಹೋಗು," ಎಂದಳು.

ಫ್ರೌಕೆ ಮುಂದೆ ಹೋಗಲಿಲ್ಲ. ಚಿತ್ರವನ್ನು ನಿಲ್ಲಿಸಿದಳು.

"ಇರೋದೆಲ್ಲ ಇಲ್ಲೇ, ರೆಗೀನೆ."

"ಏನಿದೆ?"

"ಅವನು ಅಡುಗೆಮನೆ ನೆಲದ ಮೇಲೆ ಕೂತಿದ್ದಾನೆ. ಫ್ರಿಜ್ಜಿಗೂ ಗೋಡೆಗೂ ನಡುವೆ ಮೈನ ತುರುಕ್ಕೊಂಡಿದ್ದಾನೆ. ಫೋನು ಹೆಗಲಿಗೂ ಕಿವಿಗೂ ಮಧ್ಯೆ. ಎರಡೂ ಕೈಯಲ್ಲಿ ಮಂಡಿ ಹಿಡ್ಕೊಂಡಿದ್ದಾನೆ, ಗೆಣ್ಣು ಬೆಳ್ಳಗಾಗಿದೆ. ಅಂಗಿ ಬೆವರಿಗೆ ಬೆನ್ನಿಗೆ ಅಂಟಿದೆ. ಕಣ್ಣು ಬಾಗಿಲ ಹಿಡಿ ಮೇಲಿದೆ. ರೆಪ್ಪೆ ಹೊಡೀತಿಲ್ಲ."

"ನಗ್ತಿದ್ದಾನಲ್ಲ?"

"ಮುಖ ನಗ್ತಿಲ್ಲ."

"ಅದು ಹೇಗೆ? ನಗು ನನಗೆ ಕೇಳಿಸ್ತಲ್ಲ."

"ಬಾಯಿಂದ ಸದ್ದು ಬರ್ತಿದೆ, ಅಷ್ಟೇ."

ಈ ಕೆಲಸಕ್ಕೆ ಬರುವ ಮೊದಲು, ಬರ್ಲಿನ್ ಗೋಡೆ ಇನ್ನೂ ನಿಂತಿದ್ದ ಕಾಲದಲ್ಲಿ, ರೆಗೀನೆ ಒಂದು ಕಾರ್ಖಾನೆಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದವಳು. ತಂತಿಯ ಆ ತುದಿಯಲ್ಲಿ ಇರುವವನು ಮುಗುಳ್ನಗುತ್ತಿದ್ದಾನೋ ಹಲ್ಲು ಕಡಿಯುತ್ತಿದ್ದಾನೋ ತನಗೆ ಗೊತ್ತಾಗುತ್ತದೆ ಎಂಬುದು ಅವಳ ಜಂಬ. ಅದು ಸುಳ್ಳು ಜಂಬವೂ ಆಗಿರಲಿಲ್ಲ. ಈಗ ಆ ನಗುವನ್ನು ಮತ್ತೆ ಹಾಕಿಸಿಕೊಂಡು ಕೇಳಿದಳು, ಇನ್ನೂ ಒಮ್ಮೆ ಹಾಕಿಸಿಕೊಂಡಳು. ಎಲ್ಲೂ ಒಂದು ಬಿರುಕಿರಲಿಲ್ಲ. ಬೆಕ್ಕು, ಮೀನು, ನಗು. ಒಬ್ಬ ಮನುಷ್ಯ ಒಂದೇ ಹೊತ್ತಿಗೆ ಎರಡು ಕಡೆ ಇರಬಲ್ಲ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಆಮೇಲೆ ಫ್ರೌಕೆ ಹೇಳುತ್ತ ಹೋದಳು, ರೆಗೀನೆ ಕೀಬೋರ್ಡಿನಿಂದ ಕೈ ತೆಗೆದು ಸುಮ್ಮನೆ ಕೇಳಿದಳು. ಹೋಟೆಲಿನಲ್ಲಿ ಆರ್ನೋ ಎದ್ದು ಗೋಡೆಗೆ ಬೆನ್ನು ಕೊಡುವ ಕುರ್ಚಿಗೆ ಬಂದು ಕೂರುತ್ತಾನೆ. ಬೀದಿಯಲ್ಲಿ ಎದುರು ಬರುವವರ ಮುಖ ನೋಡುವುದಿಲ್ಲ, ಕೈ ನೋಡುತ್ತಾನೆ. ಮಗಳ ಹುಟ್ಟುಹಬ್ಬದಲ್ಲಿ ಎಲ್ಲರೂ ಕೇಕಿನ ಕಡೆ ತಿರುಗಿರುವಾಗ ಅವನೊಬ್ಬ ಕಿಟಕಿಯ ಕಡೆ ತಿರುಗಿದ್ದಾನೆ.

"ಇದ್ಯಾವುದೂ ಸದ್ದೇ ಮಾಡಲ್ವಾ?"

"ಇಲ್ಲ ರೆಗೀನೆ."

ಕಾಫಿ ಆರಿಹೋಗಿತ್ತು. ರೆಗೀನೆ ಅದನ್ನು ಹಾಗೆಯೇ ಕುಡಿದಳು.

"ನೀನು ರೋನೀನ ನೋಡಿದ್ದೀಯಲ್ಲ, ನನ್ನ ಕರ್ಕೊಂಡು ಹೋಗೋಕೆ ಇಲ್ಲಿಗೆ ಬಂದಾಗ?"

"ನೋಡಿದ್ದೀನಿ."

"ಹೇಳು."

ಫ್ರೌಕೆ ಕುರ್ಚಿಯಲ್ಲಿ ಮಿಸುಕಾಡಿದಳು. "ಅದು ಬೇರೆ ವಿಷಯ. ನಾನು ಡಾಕ್ಟರಲ್ಲ."

"ಡಾಕ್ಟರ ಕೆಲಸ ಯಾರು ಕೇಳಿದ್ರು? ನಮ್ಮ ಕೆಲಸ ಮಾಡು. ಕಂಡದ್ದು ಮಾತ್ರ ಹೇಳು."

ಫ್ರೌಕೆ ಉತ್ತರದ ಕಡಲ ತೀರದವಳು, ಮಾತಿಗೆ ಬೆಣ್ಣೆ ಹಚ್ಚಲು ಬಾರದವಳು.

"ಲಿಫ್ಟಿನಲ್ಲಿ ಬರಲ್ಲ, ಮೆಟ್ಟಿಲಲ್ಲೇ ಬರ್ತಾನೆ. ಗೋಡೆಗೆ ಬೆನ್ನಿಟ್ಟು ನಿಂತ್ಕೋತಾನೆ. ನಿಮ್ಮ ಜೊತೆ ಮಾತಾಡ್ವಾಗ ನಿಮ್ಮನ್ನ ನೋಡಲ್ಲ, ನಿಮ್ಮ ಹಿಂದಿರೋ ಬಾಗಿಲು ನೋಡ್ತಾನೆ. ಯಾರಾದ್ರೂ ಹಾದುಹೋದ್ರೆ ಅವರಿಗೂ ನಿಮಗೂ ಮಧ್ಯೆ ಬಂದು ನಿಲ್ತಾನೆ. ಉಗುರು ರಕ್ತ ಬರೋವರೆಗೆ ಕಚ್ಚಿದ್ದಾನೆ."

"ನನ್ನ ಜೊತೆ ನಗ್ತಾನಲ್ಲ, ಆಗ?"

ಫ್ರೌಕೆ ಚಿತ್ರವನ್ನು ಮತ್ತೆ ಓಡಿಸಿದಳು. ರೆಗೀನೆ ಮತ್ತೆ ಕೇಳಲಿಲ್ಲ. ಟ್ರಾಮಿನಲ್ಲಿ ಮನೆಗೆ ಹೋಗುವಾಗ ಅವಳು ಸೊಸೆಯನ್ನು ನೆನೆದಳು. ಆ ಹುಡುಗಿ ಬೈದದ್ದಲ್ಲ, ಸಹಾಯ ಬೇಡಿದ್ದಳು. ನಾಚಿಕೆಯಿಂದ ರೆಗೀನೆಯ ಮುಖ ಬಿಸಿಯಾಯಿತು. ಅದಕ್ಕಿಂತ ದೊಡ್ಡದು ಭಯ. ಇಷ್ಟು ದಿನ ತನ್ನ ಮೇಜಿನ ಎದುರು ಕೂತು ಉಂಡು ಹೋದವನು ಯಾರು? ಅವನನ್ನು ಈಗ ಎಲ್ಲಿಂದ ಕರೆತರಬೇಕು?

ಭಾನುವಾರ ರೋನಿ ಎಂದಿನಂತೆ ಬಂದ. ಮೆಟ್ಟಿಲಿನಿಂದಲೇ, "ಅಮ್ಮ, ಕೋಸಿನ ವಾಸನೆ ಇಡೀ ಬೀದಿಗೆ ಹಬ್ಬಿದೆ, ಪೊಲೀಸ್ರು ಬಂದ್ರೆ ನಾನು ಜವಾಬ್ದಾರನಲ್ಲ," ಎಂದ. ರೆಗೀನೆ ಕೆನ್ನೆ ಕೊಟ್ಟಳು, ಅವನು ಮುತ್ತಿಟ್ಟ. ಮೇಜಿನ ಮೇಲೆ ಆಲೂಗಡ್ಡೆ ಉಂಡೆ, ಕೆಂಪು ಕೋಸು, ಮಾಂಸದ ಸಾರು ಇದ್ದವು. ಕುರ್ಚಿ ಎಳೆದ ಸದ್ದಿನಿಂದ ಅವನು ಎಲ್ಲಿ ಕೂತನೆಂದು ತಿಳಿಯಿತು. ಯಾವಾಗಲೂ ಅಲ್ಲೇ ಕೂರುತ್ತಿದ್ದ, ಕಿಟಕಿಗೂ ಬಾಗಿಲಿಗೂ ಎದುರಾಗಿ. ಅವಳು ಅದನ್ನು ಇಷ್ಟು ದಿನ ಅಭ್ಯಾಸವೆಂದೇ ತಿಳಿದಿದ್ದಳು.

"ರೋನಿ, ನಿನಗೆ ಈಗ ಏನು ಕಾಣ್ತಿದೆ ಹೇಳು," ಎಂದಳು.

"ಉಂಡೆ ಕಾಣ್ತಿದೆ. ಫುಟ್‌ಬಾಲಿನಷ್ಟು ದೊಡ್ಡದು."

"ತಮಾಷೆ ಬೇಡ. ನಾನು ಫ್ರೌಕೆಗೆ ಕೇಳೋ ಹಾಗೆ ಕೇಳ್ತಿದ್ದೀನಿ. ಕಂಡದ್ದನ್ನ ಹಾಗೇ ಹೇಳು. ಕಿಟಕಿಯಿಂದ ಶುರು ಮಾಡು."

"ಯಾಕಮ್ಮ?"

"ಮೂವತ್ತು ವರ್ಷದಿಂದ ಈ ಬೀದೀಲಿದ್ದೀನಿ. ನೋಡಿದೋರು ಒಬ್ಬರೂ ನನಗೆ ಸರಿಯಾಗಿ ಹೇಳಿಲ್ಲ."

ಅವನು ನಕ್ಕ. ಆ ನಗುವಿನ ಹಿಂದೆ ಏನಿದೆಯೆಂದು ಕೇಳಲು ಅವಳು ಮತ್ತೆ ಪ್ರಯತ್ನಿಸಿದಳು, ಮತ್ತೆ ಸೋತಳು.

"ಸರಿ. ಎದುರಿಗೆ ಹಳದಿ ಮನೆ. ಗೋಡೆ ರಿಪೇರಿಗೆ ಅಟ್ಟಣಿಗೆ ಕಟ್ಟಿದ್ದಾರೆ. ಎರಡನೇ ಮಹಡೀಲಿ ಒಂದು ಕಿಟಕಿ ತೆಗೆದಿದೆ, ಪರದೆ ಅಲ್ಲಾಡ್ತಿದೆ. ಇಷ್ಟು ಚಳೀಲಿ ಯಾರಾದ್ರೂ ಕಿಟಕಿ ತೆಗೀತಾರಾ?" ಅವನು ನಿಲ್ಲಿಸಿದ. "ಮುಂದೆ," ಎಂದಳು ಅವಳು. "ಕೆಳಗೆ ಬೂದು ಬಣ್ಣದ ಕಾರು ಬಂದು ನಿಂತಿದೆ. ಒಳಗೆ ಇಬ್ಬರಿದ್ದಾರೆ. ಇಳೀತಿಲ್ಲ. ಬೇಕರಿ ಮುಂದೆ ಒಬ್ಬ ನಿಂತಿದ್ದಾನೆ, ಬಲಗೈ ಜೇಬಲ್ಲಿದೆ, ಎಡಗೈ ಕಾಣ್ತಿದೆ. ಕಸದ ಡಬ್ಬಿ ಮುಚ್ಚಳ ಪೂರ್ತಿ ಮುಚ್ಚಿಲ್ಲ. ನಾನು ಬರೋವಾಗ ಮುಚ್ಚಿತ್ತು. ಅಟ್ಟಣಿಗೆ ಮೇಲಿನ ಪ್ಲಾಸ್ಟಿಕ್ ಹಾಳೆ ಹಿಂದೆ ಒಬ್ಬ ಮನುಷ್ಯ ಮಲಗೋಷ್ಟು ಜಾಗ ಇದೆ. ಈಗ ಅಲ್ಲಿ ಯಾರೂ ಇಲ್ಲ. ಈಗ. ನಿನ್ನ ಹಿಂದೆ ಬಾಗಿಲು. ಚಿಲಕ ಹಾಕಿದ್ದೀನಿ. ಅಲ್ಲಿಗೂ ನಿನಗೂ ಮಧ್ಯೆ ನಾನು ಬರೋಕೆ ಮೇಜಿನ ಎಡಗಡೆಯಿಂದ ಬಂದ್ರೆ ಬೇಗ ಆಗುತ್ತೆ, ಬಲಗಡೆ ಒಲೆ ಅಡ್ಡ ಇದೆ..."

ಅವನ ಧ್ವನಿಯಿಂದ ನಗು ಯಾವಾಗ ಇಳಿದುಹೋಯಿತೋ ಅವಳಿಗೆ ತಿಳಿಯಲಿಲ್ಲ. ಉಳಿದದ್ದು ಏರಿಳಿತವಿಲ್ಲದ, ದಣಿದ, ಅವಳು ಎಂದೂ ಕೇಳಿರದ ಒಂದು ಧ್ವನಿ. ಅದು ಹೇಳುತ್ತಲೇ ಹೋಯಿತು. ಛಾವಣಿಗಳು, ಚಿಮಣಿಗಳು, ಸೈಕಲ್ಲುಗಳು, ಅಪರಿಚಿತರ ಜೇಬುಗಳು. ತಾನು ಕೋಸಿಗೆ ಉಪ್ಪು ಹೆಚ್ಚಾಯಿತೇ ಎಂದು ಕೇಳುತ್ತಿದ್ದ ಭಾನುವಾರಗಳಲ್ಲೆಲ್ಲ ಈ ಹುಡುಗ ಇಷ್ಟನ್ನೂ ಎತ್ತಿ ಹಿಡಿದುಕೊಂಡು ಕೂತಿದ್ದ, ಒಂದು ಕ್ಷಣವೂ ಕೆಳಗಿಡದೆ, ಜೊತೆಗೆ ಅವಳನ್ನು ನಗಿಸುತ್ತ. ಅವಳಿಗೆ ಅಳು ಬರಲಿಲ್ಲ. ಬೆಟ್ಟದ ಬುಡದಲ್ಲಿ ನಿಂತವರಿಗೆ ಆಗುವಂತೆ ಉಸಿರು ಕಟ್ಟಿತು. ಇಷ್ಟು ದೊಡ್ಡದು ತನ್ನ ಅಡುಗೆಮನೆಯೊಳಗೆ ಹೇಗೆ ಹಿಡಿಸಿತ್ತು?

"ಯಾವಾಗಿಂದ?" ಎಂದಳು.

"ಬಂದಾಗಿಂದ."

"ನನಗೆ ಯಾಕೆ ಹೇಳ್ಲಿಲ್ಲ?"

ಅವನು ಚಮಚ ಕೆಳಗಿಟ್ಟ.

"ಬೇರೆ ಎಲ್ಲಿ ಹೋದ್ರೂ ಮುಖ ಸರಿ ಮಾಡ್ಕೋಬೇಕಮ್ಮ. ಮ್ಯಾಂಡಿ ಎದುರಿಗೂ ಮಾಡ್ಕೋಬೇಕಿತ್ತು, ಸಾಕಾಗಿಹೋಗ್ತಿತ್ತು. ಇಲ್ಲಿ ಬೇಕಿರ್ಲಿಲ್ಲ. ಧ್ವನಿ ಒಂದನ್ನ ನೋಡ್ಕೊಂಡ್ರೆ ಸಾಕಿತ್ತು. ಮುಖ ಅದರ ಪಾಡಿಗೆ ಇರ್ತಿತ್ತು. ವಾರಕ್ಕೊಂದ್ಸಲ ಅದೇ ನನಗೆ ರಜಾ." ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು. "ಈಗ ಅದೂ ಹೋಯ್ತು. ನಾನು ಹೊರಡ್ತೀನಿ."

"ಕೂತ್ಕೋ."

"ಅಮ್ಮ..."

"ಕೂತ್ಕೋ ಅಂದೆ. ಅಲ್ಲಲ್ಲ. ಈ ಕಡೆ ಬಾ, ನನ್ನ ಕುರ್ಚೀಲಿ ಕೂತ್ಕೋ. ಕಿಟಕಿಗೆ ಬೆನ್ನು ಹಾಕು."

"ಆಗಲ್ಲ."

"ನಾನು ನೋಡ್ಕೋತೀನಿ."

ಅವನಿಗೆ ನಗು ಬಂದೇಬಿಟ್ಟಿತು. ಮೂಗಿನಿಂದ ಹೊರಟ, ಸಿಡುಕಿನ, ಚೂರೂ ಸೊಗಸಿಲ್ಲದ ನಗು. "ನೀನಾ? ನೀನು ಏನು ನೋಡ್ತೀಯಮ್ಮ?"

ರೆಗೀನೆ ಎದ್ದು, ತನ್ನ ಕುರ್ಚಿಯನ್ನು ಬಳಸಿ ಹೋಗಿ, ಕಿಟಕಿಯ ಎರಡೂ ಬಾಗಿಲನ್ನು ಅಗಲವಾಗಿ ತೆಗೆದಳು. ಮಾರ್ಚ್ ತಿಂಗಳ ಚಳಿ ಮುಖಕ್ಕೆ ಹೊಡೆಯಿತು. ಅವಳು ಕಟ್ಟೆಯ ಮೇಲೆ ಮೊಣಕೈ ಊರಿ ತಲೆಯನ್ನು ಸ್ವಲ್ಪ ವಾಲಿಸಿ ನಿಂತಳು.

"ನಿನ್ನ ಎರಡನೇ ಮಹಡಿ ಕಿಟಕಿ ಮುದುಕ ಲೋಶ್ಕೆದು," ಎಂದಳು. "ಮಗಳು ಮನೆಯೊಳಗೆ ಸಿಗರೇಟು ಸೇದೋಕೆ ಬಿಡಲ್ಲ. ಕೆಮ್ಮು ಕೇಳು. ಇವತ್ತು ಜೋರಾಗಿದೆ." ಕಿವಿಯನ್ನು ಕೆಳಕ್ಕೆ ವಾಲಿಸಿದಳು. "ಕಾರಿನವರು ಗಂಡ ಹೆಂಡ್ತಿ. ಗಾಜು ಇಳಿಸಿದ್ದಾರೆ. ಅವನ ತಾಯಿ ಮನೆಗೆ ಬಂದಿದ್ದಾರೆ, ಅವಳು ಇಳಿಯಲ್ಲ ಅಂತಿದ್ದಾಳೆ. ಇನ್ನೂ ಅರ್ಧ ಗಂಟೆ ಇಳಿಯಲ್ಲ ಅವರು."

ಹಿಂದೆ ಏನೂ ಅಲುಗಾಡಲಿಲ್ಲ.

"ಬೇಕರಿ ಮುಂದಿರೋನು ಕೀ ಹುಡುಕ್ತಿದ್ದಾನೆ, ಜೇಬಲ್ಲಿ ಗಲಗಲ ಅಂತಿದೆ. ಅಟ್ಟಣಿಗೆ ಮೇಲೆ ಪ್ಲಾಸ್ಟಿಕ್ ಬಡ್ಕೋತಿದೆ, ಅಷ್ಟೇ. ಯಾರಾದ್ರೂ ಹತ್ತಿದ್ರೆ ಹಲಗೆ ಕಿರುಗುಡುತ್ತೆ, ಕೆಲಸದೋರು ಹತ್ತೋದನ್ನ ವಾರವೆಲ್ಲ ಕೇಳಿದ್ದೀನಿ. ಮೆಟ್ಟಿಲ ಮೇಲೆ ಯಾರೂ ಇಲ್ಲ. ಊಟ ಮಾಡು. ಏನಾದ್ರೂ ಬಂದ್ರೆ ನಾನು ಹೇಳ್ತೀನಿ."

ತುಂಬ ಹೊತ್ತಿನ ಮೇಲೆ ಒಂದು ಹೆಜ್ಜೆ ಕೇಳಿಸಿತು, ಇನ್ನೊಂದು. ಅವಳ ಕುರ್ಚಿ ಅವನ ಭಾರಕ್ಕೆ ನರಳಿತು. ಅವನ ಉಸಿರು ಹೊಲ ದಾಟಿ ಓಡಿ ಬಂದವನ ಉಸಿರಿನಂತಿತ್ತು. ಅದು ಇಳಿಯುವುದನ್ನು ಅವಳು ಕಾಯಲಿಲ್ಲ. ಅವಳಿಗೆ ಈಗ ಬೇರೆ ಕೆಲಸವಿತ್ತು.

"ಸೈಕಲ್ಲು," ಎಂದಳು. "ಹೆಂಗಸು. ಹಿಂದೆ ಮಗು ಕೂರಿಸ್ಕೊಂಡಿದ್ದಾಳೆ, ಹಾಡು ಹೇಳ್ತಿದೆ. ಹೋಯ್ತು."

ಬೆನ್ನ ಹಿಂದೆ ಚಮಚ ತಟ್ಟೆಗೆ ತಗುಲಿತು. ರೆಗೀನೆ ತಿರುಗಲಿಲ್ಲ. ಚಳಿಗೆ ಕಿವಿ ಜುಮ್ಮೆನ್ನುತ್ತಿತ್ತು. ಬೀದಿಯ ಕೊನೆಯಲ್ಲಿ ಇನ್ನೊಂದು ಕಾರು ಈ ಕಡೆ ಹೊರಳಿತು. ಅವಳು ಅದರ ಕಡೆಗೆ ಕಿವಿ ತಿರುಗಿಸಿದಳು.