ಬಂದೀಖಾನೆಯ ಕರಿಹಲಗೆ

ನಾನು ಒಂದು ಕರಿಹಲಗೆ. ಹುಟ್ಟಿದ್ದು ಜೈಲಿನ ಬಡಗಿ ಕೊಟ್ಟಿಗೆಯಲ್ಲಿ. ಜೀವಾವಧಿ ಶಿಕ್ಷೆಯ ಕೈದಿಗಳಿಬ್ಬರು ಹಳೆಯ ಬಾಗಿಲಿನ ಹಲಗೆಗಳನ್ನು ಜೋಡಿಸಿ, ಉಜ್ಜಿ, ಕಪ್ಪು ಬಣ್ಣ ಬಳಿದು ಮೂರು ಕಾಲಿನ ಮೇಲೆ ನಿಲ್ಲಿಸಿದರು. ಬಣ್ಣದ ವಾಸನೆ ಆರುವ ಮೊದಲೇ ನನ್ನನ್ನು ಹೆಂಗಸರ ವಿಭಾಗಕ್ಕೆ ಸಾಗಿಸಿದರು. ವತ್ಸಲಾ ಟೀಚರ್ ಹೊರಗಿನಿಂದ ಬಂದು ಅಲ್ಲಿ ಪಾಠ ಹೇಳುತ್ತಿದ್ದರು.

ನಿಂಬೆವ್ವ ಅಲ್ಲಿನ ಒಬ್ಬ ಕೈದಿ. ಕುಡಿದು ಬಂದು ಮಗಳ ಮೇಲೆ ಒನಕೆ ಎತ್ತಿದ ಗಂಡನಿಂದ ಅದನ್ನು ಕಸಿದು ಹೊಡೆದಿದ್ದಳು. ಅವನು ಮತ್ತೆ ಏಳಲಿಲ್ಲ. ಮಗಳು ದಾನಮ್ಮ ಈಗ ಸೋದರಮಾವನ ಮನೆಯಲ್ಲಿದ್ದಳು. ಮಾವ ತಿಂಗಳಿಗೊಮ್ಮೆ ಕರೆತಂದರೆ, ಹುಡುಗಿ ಭೇಟಿಯ ಕೋಣೆಯ ಕಬ್ಬಿಣದ ಜಾಳಿಗೆಯ ಆಚೆ ತಲೆ ತಗ್ಗಿಸಿ ನಿಂತು, ಬಾಯಿ ಬಿಡದೆ ಹೊರಟುಹೋಗುತ್ತಿದ್ದಳು. "ಲೆಕ್ಕದಾಗ ಫೇಲ್ ಆಗ್ಯಾಳ" ಎಂದು ಮಾವ ಹೇಳಿಹೋದ ಮರುದಿನ ನಿಂಬೆವ್ವ ನನ್ನ ಮುಂದೆ ಬಂದು ಕೂತಳು.

"ಟೀಚರ್, ಹತ್ತನೇ ಕ್ಲಾಸಿನ ಲೆಕ್ಕ ನನಗ ಕಲಸ್ರಿ."

"ನೀ ಪರೀಕ್ಷಾ ಕಟ್ಟಿಲ್ಲಲ್ಲವ್ವ?"

"ಮಗಳ ಜೋಡಿ ಮಾತಾಡಾಕ ಬ್ಯಾರೆ ಏನೂ ಉಳದಿಲ್ಲರಿ."

ಲೆಕ್ಕದಲ್ಲಿ ಅಂಕಿಯ ಬದಲು ಅಕ್ಷರವನ್ನು ಅಕ್ಷರಕ್ಕೆ ಕೂಡಿಸುವುದೆಂದರೆ ಅವಳಿಗೆ ಮೊದಮೊದಲು ದಿಗಿಲು. ಟೀಚರ್ ನನ್ನ ಮೇಲೆ ಎ, ಬಿ ಕೂಡಿಸಿದಷ್ಟು ಉದ್ದದ ಬದಿಯ ಚೌಕವೊಂದನ್ನು ಬರೆದು ಅದನ್ನು ನಾಲ್ಕು ತುಂಡು ಮಾಡಿದರು. "ಇದು ಎ ವರ್ಗ, ಇದು ಬಿ ವರ್ಗ. ಉಳಿದ ಎರಡು ಪಟ್ಟಿ ಎರಡು ಎಬಿ. ಇವನ್ನ ಮರೀಬ್ಯಾಡ." ನಿಂಬೆವ್ವ ಮರೆಯಲಿಲ್ಲ. ಸೀಮೆಸುಣ್ಣ ಸವೆಯುವವರೆಗೆ ಬರೆದಳು.

ಮುಂದಿನ ಭೇಟಿಯ ದಿನ, ಟೀಚರ್ ಜೈಲಿನ ಸಾಹೇಬರನ್ನು ಒಪ್ಪಿಸಿ ನನ್ನನ್ನು ಭೇಟಿಯ ಕೋಣೆಗೆ ತರಿಸಿದರು. ಎ, ಬಿ ಕೂಡಿಸಿ ವರ್ಗ ಮಾಡಿದರೆ ಎ ವರ್ಗ, ಬಿ ವರ್ಗ ಎಂದಷ್ಟೇ ಬರೆದು ನಿಂಬೆವ್ವ ಮಗಳತ್ತ ನೋಡಿದಳು. ನನಗೆ ಅಚ್ಚರಿ. ಅಂದು ಬೆಳಗ್ಗೆ ಅದನ್ನೇ ನನ್ನ ಮೇಲೆ ಸರಿಯಾಗಿ ಬರೆದಿದ್ದಳು.

"ತಪ್ಪೈತಿ," ಎಂದಳು ದಾನಮ್ಮ ಮೆಲ್ಲಗೆ.

"ಏನ ತಪ್ಪು?"

"ನಡುವಿನ ಎರಡು ಎಬಿ ಬಿಟ್ಟೀಯಲ್ಲ, ಯವ್ವಾ."

ನಿಂಬೆವ್ವ ತಿರುಗಿ ನನಗೆ ಹಣೆ ಹಚ್ಚಿ ನಿಂತಳು. ಅವಳ ಮುಖವೆಲ್ಲ ಸುಣ್ಣದ ಹುಡಿಯಾಯಿತು.

ಅಂದಿನಿಂದ ಪ್ರತಿ ಭೇಟಿಗೂ ನಾನು ಬೇಕಾದೆ. ಒಮ್ಮೆ ದಾನಮ್ಮ, "ಒಂದು, ನಾಕು, ಒಂಬತ್ತು, ಹದಿನಾರು. ಮುಂದಿಂದು ಹೇಳು ನೋಡೂಣು" ಎಂದಳು.

"ಇಪ್ಪತ್ತೈದು. ನಡುವಿನ ಅಂತರ ನೋಡ, ಮೂರು, ಐದು, ಏಳು. ಮುಂದ ಒಂಬತ್ತು ಕೂಡಸೂದು."

ಹುಡುಗಿ ಬೆರಳೆಣಿಸಿ ನೋಡಿ ಗಟ್ಟಿಯಾಗಿ ನಕ್ಕಳು. ಕಾವಲಿನ ಹೆಂಗಸೂ ನಕ್ಕಳು.

ದಾನಮ್ಮ ಪಾಸಾದಳು. ಆ ಸುದ್ದಿ ಹೇಳಿದವಳು ಜಾಳಿಗೆಯ ತಂತಿಯನ್ನು ಉಗುರಿನಿಂದ ಕೆರೆಯತೊಡಗಿದಳು.

"ದೂರದ ಊರಾಗ ಕಾಲೇಜು, ಹಾಸ್ಟೆಲ್ ಸಿಕ್ಕೈತವ್ವ. ಅಲ್ಲಿ ಅಪ್ಪ ಅವ್ವನ ಕೇಳತಾರ. ನಾ... ಇಬ್ಬರೂ ಸತ್ತಾರಂತ ಹೇಳೀನಿ."

ನಿಂಬೆವ್ವನ ಕೈಯಲ್ಲಿ ಸೀಮೆಸುಣ್ಣ ಮುರಿಯಿತು.

"ಚಲೋ ಮಾಡಿದಿ. ಹಂಗ ಹೇಳು. ಇನ್ನ ಇಲ್ಲಿಗಿ ಬರಬ್ಯಾಡ, ಯಾರರ ನೋಡತಾರ."

ಮಗಳು ಜಾಳಿಗೆಯೊಳಗೆ ಬೆರಳು ತೂರಿಸಿದಳು. ತಾಯಿ ಆ ಬೆರಳ ತುದಿಗಳನ್ನು ಹಿಡಿದುಕೊಂಡಳು. ಭೇಟಿ ಮುಗಿದ ಗಂಟೆ ಹೊಡೆಯಿತು. ದಾನಮ್ಮ ಮತ್ತೆ ಬರಲಿಲ್ಲ.

ಆಮೇಲೆ ಜೈಲಿಗೆ ಬಿಳಿಯ ನುಣುಪು ಹಲಗೆ ಬಂತು. ನನ್ನ ಒಂದು ಕಾಲು ಮುರಿದಿತ್ತು, ಬಣ್ಣ ಬಿರುಕುಬಿಟ್ಟಿತ್ತು. ಅಡುಗೆಮನೆಯ ಉಗ್ರಾಣದಲ್ಲಿ ಗೋಡೆಗೆ ಒರಗಿಸಿದರು. ನಿಂಬೆವ್ವನಿಗೂ ಅಡುಗೆಮನೆಯ ಕೆಲಸವೇ ಬಿತ್ತು. ತಲೆ ನೆರೆತ ಅವಳು ನನ್ನ ಪಕ್ಕದಲ್ಲೇ ಕೂತು ಜೋಳ ಹಸನು ಮಾಡುತ್ತಾಳೆ.

ಮೊನ್ನೆ ಹೊಸದಾಗಿ ಬಂದ ಹೆಂಗಸೊಬ್ಬಳು, "ಮಕ್ಕಳೆಷ್ಟು ಮಂದಿರಿ ನಿಮಗ?" ಎಂದು ಕೇಳಿದಳು. ಮೊರ ಹಿಡಿದ ಕೈ ನಿಂತಿತು.

"ಯಾರೂ ಇಲ್ಲವ್ವ ನನಗ," ಎಂದಳು ನಿಂಬೆವ್ವ. ಮತ್ತೆ ಕೇರತೊಡಗಿದಳು.

ನನಗೆ ಎಲ್ಲವೂ ಗೊತ್ತು. ಬಾಯಿಲ್ಲದೆ ಹುಟ್ಟಿದ್ದು ಒಳ್ಳೆಯದೇ ಆಯಿತು ಎಂದು ಅಂದು ಮೊದಲ ಸಲ ಅನ್ನಿಸಿತು.