ಬಾಯಮ್ಮನ ಬೀಗ

ಹೊಸಂಗಡಿಯಲ್ಲಿ ನನ್ನ ಮೋಟರ್ ವೈಂಡಿಂಗ್ ಅಂಗಡಿಯ ಶಟರಿಗೆ ಅಂದು ಬೆಳಿಗ್ಗೆ ಎರಡು ಬೀಗಗಳಿದ್ದವು. ಒಂದು ನನ್ನದು. ಇನ್ನೊಂದು ಮಾಲಕಿ ಸ್ಟೆಲ್ಲಾ ಬಾಯಮ್ಮನ ಮಗ ಮೆಲ್ವಿನ್ ಹಾಕಿದ್ದು. ಎರಡು ತಿಂಗಳ ಬಾಡಿಗೆ ನಾಲ್ಕು ಸಾವಿರ ಬಾಕಿಯಿತ್ತು, ಇಲ್ಲವೆನ್ನುವುದಿಲ್ಲ. ಮಳೆಗಾಲದಲ್ಲಿ ತೋಟದ ಪಂಪು ಓಡುವುದಿಲ್ಲ. ಓಡದ ಪಂಪು ಸುಟ್ಟು ನನ್ನ ಅಂಗಡಿಗೆ ಬರುವುದೂ ಇಲ್ಲ. ಆದರೆ ಒಳಗೆ ಐಸ್ ಪ್ಲಾಂಟಿನವರ ಮೋಟರಿತ್ತು. ಸಂಜೆಯೊಳಗೆ ಕೊಡದಿದ್ದರೆ ಇದ್ದ ಒಬ್ಬ ದೊಡ್ಡ ಗಿರಾಕಿಯೂ ಹೋದಂತೆ.

ಪಕ್ಕದ ಗ್ಯಾರೇಜಿನಿಂದ ಕಬ್ಬಿಣದ ರಾಡು ತಂದೆ. ಮೊದಲು ಬೀಗ, ಆಮೇಲೆ ಮೆಲ್ವಿನ್ ಎಂದು ತೀರ್ಮಾನಿಸಿದ್ದೆ. ಅಷ್ಟರಲ್ಲಿ ತಾಯಿ ಮಗ ಇಬ್ಬರೂ ಆಟೋದಿಂದ ಇಳಿದರು.

"ರಾಡು ಕೆಳಗಿಡು. ಶಟರು ನನ್ನದು," ಎಂದ ಬಾಯಮ್ಮ ಮಗನತ್ತ ಕೈ ಚಾಚಿದರು. "ಕೀ ಕೊಡು."

"ಹೀಗೆ ಬಿಟ್ರೆ ಇವ ಕೊಡುವ ಜನ ಅಲ್ಲ ಮಮ್ಮಾ."

"ಬಾಗಿಲು ಹಾಕಿದ್ರೆ ಎಲ್ಲಿಂದ ಕೊಡುವುದು? ನಿನ್ನ ಕಿಸೆಯಿಂದಲಾ?"

ಅರುವತ್ತು ದಾಟಿದ ಹೆಂಗಸು ಕುಕ್ಕರಗಾಲಲ್ಲಿ ಕೂತು ಬೀಗ ತೆಗೆದು ಚೀಲಕ್ಕೆ ಹಾಕಿಕೊಂಡರು. ನನ್ನ ಸಿಟ್ಟು ಇಳಿದಿರಲಿಲ್ಲ.

"ನಿಮ್ಮ ಕನಿಕರ ನನಗೆ ಬೇಡ ಬಾಯಮ್ಮ."

"ಕನಿಕರ ಯಾರು ಕೊಟ್ರು ಮಾರಾಯ? ಈಗ ಕೈಯಲ್ಲಿ ಎಷ್ಟು ಉಂಟು?"

ಸಾವಿರದ ಇನ್ನೂರು ಇತ್ತು. ತೆಗೆದುಕೊಂಡು ಅಷ್ಟಕ್ಕೇ ರಶೀದಿ ಬರೆದರು.

"ಬಾಕಿ ಯಾವಾಗ?"

"ಹತ್ತನೇ ತಾರೀಕಿಗೆ."

"ಹತ್ತಕ್ಕೆ ನಿನಗೆ ಯಾರು ಕೊಡ್ತಾರೆ?"

ಯಾರೂ ಇರಲಿಲ್ಲ. ಹತ್ತಿರದ ತಾರೀಕು ಹೇಳಿದರೆ ಮಾಲಕರು ಬೇಗ ಹೊರಟುಹೋಗುತ್ತಾರೆ ಎಂಬುದಷ್ಟೇ ನನಗೆ ಗೊತ್ತಿದ್ದದ್ದು.

"ನನಗೆ ಖುಷಿ ಆಗ್ಲಿಕ್ಕೆ ಎಂತದೂ ಹೇಳ್ಬೇಡ. ದುಡ್ಡು ಬರುವ ದಿನ ಹೇಳು."

ಐಸ್ ಪ್ಲಾಂಟಿನ ಬಿಲ್ಲು ಕೈಗೆ ಬರುವುದು ಇಪ್ಪತ್ತೊಂದಕ್ಕೆ. "ಇಪ್ಪತ್ತೆರಡು," ಎಂದೆ.

ರಶೀದಿಯ ಹಿಂದೆ ಅದನ್ನು ನನ್ನ ಕೈಯಿಂದಲೇ ಬರೆಸಿದರು. "ಇಪ್ಪತ್ತಮೂರಕ್ಕೆ ಬೀಗ ನಾನೇ ಹಾಕ್ತೇನೆ."

ನನ್ನ ಮಾತನ್ನು ಅದುವರೆಗೆ ಯಾರೂ ಹಾಗೆ ತೂಗಿ ನೋಡಿ ತೆಗೆದುಕೊಂಡಿರಲಿಲ್ಲ.

ಇಪ್ಪತ್ತೆರಡರ ಬೆಳಿಗ್ಗೆ ಎರಡು ಸಾವಿರದ ಎಂಟುನೂರು ಹಿಡಿದು ಮಂಜೇಶ್ವರದ ಅವರ ಮನೆಗೆ ಹೋದೆ. ಜಗಲಿಯ ಮೇಜಿನ ಮೇಲೆ ಅದೇ ಬೀಗವಿತ್ತು, ಪಕ್ಕದಲ್ಲಿ ಕೀ. ಎಣಿಸಿ, ರಶೀದಿ ಕೊಟ್ಟು, ಬಾಯಮ್ಮ ಬೀಗವನ್ನು ನನ್ನತ್ತ ತಳ್ಳಿದರು.

"ಬಿಗಿ ಆಗಿದೆ. ಸ್ವಲ್ಪ ಎಣ್ಣೆ ಬಿಟ್ಟು ಕೊಡು."

"ನನ್ನ ಶಟರಿಗೆ ಹಾಕ್ಲಿಕ್ಕಾ?"

"ಮತ್ತೆಂತ? ಬರುವ ತಿಂಗಳೂ ಬಾಡಿಗೆ ಉಂಟಲ್ಲ."

ಎಣ್ಣೆ ಬಿಟ್ಟೆ. ಎರಡು ಸಲ ಹಾಕಿ ತೆಗೆದು, ಸಲೀಸಾಗಿ ತಿರುಗುತ್ತದೆಂದು ಖಾತ್ರಿಯಾದ ಮೇಲೆ ಅವರ ಕೈಗೆ ಕೊಟ್ಟೆ.